ಟೇಶನ್ನು, ಇಸ್ಟೂಲು ಮತ್ತೆ ನಾನು ಕಟ್ತಿರೋ ಭಾಷೆ

3 ವರ್ಷದಿಂದ ಒಂದು ಭಾಷೆ ಕಟ್ತಾ ಇದೀನಿ. ವ್ಯಂಜನ ಬರೀ 10, ಪ ತ ಕ ಸ ಹ ಮ ನ ಲ ಯ ವ, ಅಷ್ಟೇ. ಸ್ವರ 5. ಒತ್ತಕ್ಷರ ಇಲ್ಲ, ಯಾವ ಪದ ಆದ್ರೂ ಸ್ವರದಲ್ಲೇ ಮುಗೀಬೇಕು. ಇದರೊಳಗೆ ಹೊರಗಿನ ಪದ ತರೋದಕ್ಕೆ ಮೊದಲು ಒಂದು ಟೇಬಲ್ ಮಾಡ್ಕೊಂಡಿದ್ದೆ, ಬ ಬಂದ್ರೆ ಪ, ರ ಬಂದ್ರೆ ಲ, ಡ ಬಂದ್ರೆ ತ, ಹೀಗೆ. ಪದಗಳೇನೋ ಬಂದ್ವು, ಆದ್ರೆ ಒಂದಕ್ಕೂ ಜೀವ ಇರ್ಲಿಲ್ಲ, ಎಲ್ಲಾ ಒಂದೇ ದಿನ ಒಂದೇ ಅಚ್ಚಲ್ಲಿ ಒತ್ತಿದ ಹಾಗೆ.

ಪುಣೆಯ ಹಡಪ್ಸರದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ವಿಜಾಪುರದ ಕಡೆಯವ್ರು. ಒಂದಿನ ಮೊಮ್ಮಗನಿಗೆ "ಆ ಇಸ್ಟೂಲ್ ತಗೊಂಬಾ, ಟೇಶನ್ನಿಗಿ ಹೋಗೂದೈತಿ, ಮ್ಯಾಲಿನ ಬ್ಯಾಗ್ ಇಳಸ್ತೀನಿ" ಅಂದ್ರು. ನಾನು ಬಾಗಿಲಲ್ಲೇ ನಿಂತ್ಬಿಟ್ಟೆ. ಸ್ಟೂಲ್, ಸ್ಟೇಷನ್ ಎರಡೂ ಶುರುವಾಗೋದು ಅದೇ ಸ್ಟ ಇಂದ, ಆದ್ರೆ ಒಂದಕ್ಕೆ ಮುಂದೆ ಇ ಸೇರಿತು, ಇನ್ನೊಂದರಲ್ಲಿ ಸ ಬಿದ್ದೇ ಹೋಯ್ತು, ಅದೂ ಒಂದೇ ಬಾಯಲ್ಲಿ! ಟೇಬಲ್ಲಿಗೆ ಇದು ಯಾವತ್ತೂ ಹೊಳೆಯಲ್ಲ.

ನಮ್ಮ ಕನ್ನಡ ಈ ಕೆಲಸದಲ್ಲಿ ಎಂಥ ಪಳಗಿದ ಕೈ ಅಂತ ಆಮೇಲೆ ಗಮನಿಸ್ತಾ ಹೋದೆ. ಬಸ್, ಪೆನ್, ಬುಕ್ ಬಂದ್ರೆ ಬಸ್ಸು, ಪೆನ್ನು, ಬುಕ್ಕು, ಹಿಂದಿನ ಸ್ವರ ಗಿಡ್ಡ ಆದ್ದರಿಂದ ಒತ್ತು ಬೀಳತ್ತೆ. ಕಾರು, ರೋಡು ಅಂದಾಗ ಸ್ವರ ಉದ್ದ, ಒತ್ತು ಬೇಕಿಲ್ಲ. ಇದನ್ನ ಯಾರೂ ನಮಗೆ ಹೇಳ್ಕೊಟ್ಟಿಲ್ಲ. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಅಂತಾನೇ ಒಂದು ಪ್ರಕರಣ ಇಟ್ಟಿದಾನೆ, ಸಂಸ್ಕೃತದ ಪದ ಕನ್ನಡಕ್ಕೆ ಬರೋವಾಗ ಯಾವ ಅಕ್ಷರ ಏನಾಗತ್ತೆ ಅನ್ನೋ ಲೆಕ್ಕ. ಯಾತ್ರೆ ಜಾತ್ರೆ ಆಗಿದ್ದು, ವಸತಿ ಬಸದಿ ಆಗಿದ್ದು, ಶ್ರೀ ಸಿರಿ ಆಗಿದ್ದು ಇದೇ ದಾರೀಲಿ.

ನನಗೆ ಕಣ್ಣು ತೆರೆಸಿದ್ದು ಮಾತ್ರ ಪ. ಹಳಗನ್ನಡದ ಪಾಲು, ಪುಲಿ ನಡುಗನ್ನಡದ ಹೊತ್ತಿಗೆ ಹಾಲು, ಹುಲಿ ಆದ್ವಲ್ಲ, ಅದಕ್ಕೂ ಮುಂಚೆ ಒಳಗೆ ಬಂದಿದ್ದ ಪರ್ವ ಕೂಡ ಅವುಗಳ ಜೊತೆಗೇ ಹೋಗಿ ಹಬ್ಬ ಆಯ್ತು. ಆಮೇಲೆ ಬಂದ ಪೆನ್ನು, ಪೊಲೀಸು, ಪಗಾರ ಹಾಗೇ ಉಳೀತು, ಯಾರೂ ಹೆನ್ನು ಅನ್ನಲ್ಲ. ಹಾವಿಗೂ ಹಿಂದೆ ಪಾವು ಅಂತಾನೇ ಇದ್ದಿದ್ದು! ಪೋರ್ಚುಗೀಸರ ಜೊತೆ ಗೋವಾಕ್ಕೆ ಬಂದ ಪಾವ್ ಆ ಬಾಗಿಲು ಮುಚ್ಚಿದ ಮೇಲೆ ಬಂದಿದ್ದಕ್ಕೆ ಇವತ್ತು ನಾವು ವಡಾಪಾವ್ ಅಂತಾನೇ ತಿಂತಿದೀವಿ. ಅಂದ್ರೆ ಪದ ಯಾವಾಗ ಬಂತು ಅನ್ನೋದು ಅದರ ಮೈಮೇಲೇ ಬರೆದಿರತ್ತೆ.

ಆವತ್ತೇ ಟೇಬಲ್ ಹರಿದು ಹಾಕಿ ನನ್ನ ಭಾಷೆಗೆ ಒಂದು ಕಾಲ ಕೊಟ್ಟೆ. ಪದದ ಮೊದಲಿನ ಪ ಒಂದು ಕಾಲದಲ್ಲಿ ಹ ಆಯ್ತು, ಅದಾದ ಮೇಲೆ ಬಂದ ಪದಗಳಲ್ಲಿ ಪ ಉಳೀತು. ಕೊನೆ ಸ್ವರ ಕನ್ನಡದ ಹಾಗೆ ಉ ಅಲ್ಲ, ಹಿಂದಿನ ಸ್ವರದ್ದೇ ಪ್ರತಿಧ್ವನಿ, ಹಾಗಾಗಿ ಬಸ್ ಅಂದ್ರೆ ಪಸ. ಇನ್ನೊಂದು, ಕಿವಿಗೆ ಕೇಳಿದ್ದನ್ನ ತಗೋಬೇಕು, ಬರೆದಿದ್ದನ್ನಲ್ಲ. ಡಾಕ್ಟರ್‌ದು ಗಟ್ಟಿ ಡ, ಅದು ತ ಆಗ್ಲಿ, ಆದ್ರೆ ಇಲ್ಲಿ ಗಾಡಿಯವರು ವಡಾ ಅನ್ನೋವಾಗ ನಾಲಿಗೆ ಸುಮ್ನೆ ತಟ್ಟಿ ಹೋಗತ್ತೆ, ಅದು ಲ. ಹಾಗಾಗಿ ವಲಾಪಾವ.

ನನ್ನ ಹಾಗೇ ಸೋನ್ಯಾ ಲ್ಯಾಂಗ್ 2001ರಲ್ಲಿ ಕಟ್ಟಿದ ಟೋಕಿ ಪೋನಾ ಅನ್ನೋ ಭಾಷೆಯಲ್ಲಿ ವ್ಯಂಜನ ಇನ್ನೂ ಕಮ್ಮಿ, 9. ಅಲ್ಲಿ ಕೆನಡಾ ದೇಶಕ್ಕೆ ಮಾ ಕನತಾ ಅಂತಾರೆ, ಅದೇ ನಿಯಮದಲ್ಲಿ ಕನ್ನಡ ಅಂತ ಹಾಕಿದ್ರೂ ಕನತಾನೇ ಬರತ್ತೆ. ಆದ್ರೆ ಮುಂದೆ ಮಾ ಇದ್ರೆ ನಾಡು, ಟೋಕಿ ಇದ್ರೆ ನುಡಿ, ಗೊಂದಲವೇ ಇಲ್ಲ. ಈ ಉಪಾಯ ತುಂಬಾ ಇಷ್ಟ ಆಯ್ತು, ನಾನೂ ತಗೊಂಡೆ.

ನಿನ್ನೆ ರಾತ್ರಿ ಪುಣೆ ಬರೆದೆ. ನನ್ನ ಭಾಷೆಯ ಜನ ಘಾಟ್ ಹತ್ತಿ ಇಲ್ಲಿಗೆ ಬಂದಿದ್ದು ಹಳೇ ಕಾಲದಲ್ಲೇ, ಅದಕ್ಕೆ ಊರಿನ ಹೆಸರು ಹುನೆ. ರೈಲು ಬಂದಿದ್ದು ಎಷ್ಟೋ ಆಮೇಲೆ, ಆ ಹೊತ್ತಿಗೆ ಪ ವಾಪಸ್ ಬಂದಿತ್ತು, ಸ್ಟೇಷನ್ನಿಗೆ ಅಜ್ಜಿಯ ದಾರಿಯನ್ನೇ ಹಿಡಿದೆ. ಹುನೆಯ ಜನ ರೈಲು ಹತ್ತೋದು ಪುನೆ ತೇಸನದಲ್ಲಿ.