ಬಿಚ್ಚದ ಗಂಟು

ನಮ್ಮದು ಅಫಜಲಪುರ ತಾಲೂಕಿನ ಹೊಳೆದಂಡೆಯ ಊರು. ಇಲ್ಲಿ ಮಳೆ ನಿಂತ ಮೇಲೂ ಭೀಮಾ ಏರುತ್ತಾಳೆ. ಸೊಲ್ಲಾಪುರದ ಕಡೆ ಉಜನಿ ಡ್ಯಾಮಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ನಮ್ಮಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ನಮಗೆ ಸಿಗೋದು ಆ ಹೊತ್ತಷ್ಟೇ. 2020ರ ಅಕ್ಟೋಬರ್‌ನಲ್ಲಿ ನಾನು ಅದನ್ನೂ ಹಾಳು ಮಾಡಿದೆ.

ಸಂಜೆಯೇ ಡಂಗುರ ಸಾರಿದ್ದರು. ದನಗಳನ್ನು ಈಗಲೇ ದಿಬ್ಬಕ್ಕೆ ಹೊಡೆಯೋಣ ಅಂದರು ಅಪ್ಪ. ಬೆಳಿಗ್ಗೆ ನೋಡೋಣ ಅಂದೆ ನಾನು. ಹೊಲದ ಮೋಟಾರನ್ನು ಮಾತ್ರ ಓಡಿಹೋಗಿ ಬಿಚ್ಚಿ ತಂದೆ. ಮೋಟಾರಿಗೆ ಸಾಲ ಇತ್ತು, ಅಲ್ವಾ!

ರಾತ್ರಿ ಮೂರರ ಹೊತ್ತಿಗೆ ತಿಪ್ಪೆ ತೇಲುತ್ತಿತ್ತು. ಎತ್ತುಗಳನ್ನು ಅಪ್ಪ ಜಾರುಗಂಟು ಹಾಕಿ ಕಟ್ಟಿದ್ದರು. ಒಂದೇ ಎಳೆತಕ್ಕೆ ಬಿಚ್ಚಿದವು. ನೀರಿಗಿಳಿಯಲು ಹೆದರಿದವು, ಆದರೆ ಹಿರೇ ಎತ್ತನ್ನು ಅಪ್ಪ ಮುಂದೆ ಹಿಡಿದು ನಡೆಸಿದಾಗ ಇನ್ನೊಂದು ತಾನೇ ಹಿಂದೆ ಹೋಯಿತು. ಎಮ್ಮೆಯನ್ನು ಕಟ್ಟಿದವನು ನಾನು. ಕಿತ್ತುಕೊಂಡು ಮಂದಿ ತೊಗರಿಗೆ ನುಗ್ಗುತ್ತದೆ ಅಂತ ಗೂಟಕ್ಕೆ ಮೂರು ಬಿಗಿ ಗಂಟು ಹಾಕಿದ್ದೆ. ಪುಂಡಿ ನಾರಿನ ಹಗ್ಗ, ನೆನೆದು ಉಬ್ಬಿತ್ತು. ನೀರೊಳಗೆ ಕೈಯಿಟ್ಟು ತಡಕಿದರೆ ಗಂಟು ಕಲ್ಲಿನಂತೆ. ಉಗುರು ಮುರಿಯಿತು. ಎಮ್ಮೆ ಕೂಗಲೂ ಇಲ್ಲ. ಮೂತಿ ಮೇಲೆತ್ತಿ ಸುಮ್ನೆ ನಿಂತಿತ್ತು. ಕೊನೆಗೆ ಕುಡಗೋಲು ಹುಡುಕಿ ತಂದು ಕೊಯ್ದೆ. ಬಿಟ್ಟಿದ್ದೇ ತಡ, ನನಗಿಂತ ಚೆನ್ನಾಗಿ ಈಜಿತು.

ದಿಬ್ಬದ ಬುಡದಲ್ಲಿ ಎರೆಮಣ್ಣಿನ ದಂಡೆ ಕುಸಿಯಿತು. ಎಮ್ಮೆ ಹೊಟ್ಟೆಯವರೆಗೆ ಹೂತುಹೋಯಿತು. ನಾಲ್ಕು ಜನ ಕೊರಳ ಹಗ್ಗ ಹಿಡಿದು ಜಗ್ಗತೊಡಗಿದೆವು. ಪಕ್ಕದ ಓಣಿಯ ಮುದುಕರೊಬ್ಬರು ಬೈದೇಬಿಟ್ಟರು: "ಉಸ್ರು ಕಟ್ಟಿ ಸಾಯ್ತದ! ಮೊದ್ಲು ಕಾಲು ಬಿಡಿಸ್ರಿ."

ಕೈಯಿಂದಲೇ ಮಣ್ಣು ತೋಡಿದೆವು. ಎರೆಮಣ್ಣು ಕಾಲನ್ನು ಹೀರಿ ಹಿಡಿಯುತ್ತದೆ. ಪಕ್ಕದಲ್ಲಿ ನೀರು ಸುರಿದು ಮಣ್ಣು ಸಡಿಲಿಸಿದಾಗಲೇ ಪುಚಕ್ ಅಂತ ಒಂದು ಕಾಲು ಬಂತು. ಮುಂಗಾಲಿನ ಹಿಂದೆ, ಎದೆಯಡಿ, ಗೋಣಿಚೀಲ ಮಡಚಿ ಅಗಲ ಪಟ್ಟಿ ಮಾಡಿ ಹಾಯಿಸಿದೆವು. ಕಾಲೂರಲು ಮುಂದೆ ಜೋಳದ ಕಣಕಿ ಹಾಸಿದೆವು. ಹೊರಬಂದದ್ದು ಬೆಳಕು ಹರಿದ ಮೇಲೆ. ಬಂದದ್ದೇ ಮಗ್ಗುಲಾಗಿ ಬಿತ್ತು. ಹಾಗೆ ಬಿಟ್ಟರೆ ಹೊಟ್ಟೆ ಉಬ್ಬುತ್ತದೆ ಅಂತ ಆ ಮುದುಕರೇ ಅದರ ಎದೆ ನೆಲಕ್ಕೆ ಊರುವಂತೆ ಕೂರಿಸಿ, ಎರಡೂ ಬದಿಗೆ ಹುಲ್ಲಿನ ಮೂಟೆ ಒತ್ತಿದರು. ನಾನು ಮೈ ತಿಕ್ಕುತ್ತಾ ಕೂತೆ.

ಮಧ್ಯಾಹ್ನ ತಾನಾಗಿ ಎದ್ದಿತು. ನಮ್ಮ ಬಣವೆ ನೆನೆದು ಬೂಸಲು ಹಿಡಿದಿತ್ತು, ಬೀಗರ ಮನೆಯಿಂದ ಒಣ ಕಣಕಿ ತಂದೆವು. ಗಂಟಲು ಬಾತು ಉಸಿರು ಕಟ್ಟಿಸುವ ಗಳಲೆ ರೋಗದ ಚುಚ್ಚುಮದ್ದನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕಿತ್ತು. ಅದನ್ನೂ ನಾಳೆ ನಾಳೆ ಅಂದವನು ನಾನೇ.

ನೀರಿಳಿದ ಮೇಲೆ ಕೊಟ್ಟಿಗೆಗೆ ಹೋದೆವು. ಗೋಡೆ ಬಿದ್ದಿತ್ತು, ಗೂಟ ನಿಂತಿತ್ತು. ಅದರಲ್ಲಿ ನನ್ನ ಮೂರು ಗಂಟು, ಒಣಗಿದರೂ ಬಿಗಿಯಾಗಿಯೇ. ಅಪ್ಪ ಏನೂ ಅನ್ನಲಿಲ್ಲ. ಗೂಟವನ್ನೇ ಅಲುಗಾಡಿಸಿ ಕಿತ್ತು, ಗಂಟಿನ ಸಮೇತ ತಿಪ್ಪೆಗೆ ಎಸೆದರು.