ನೀರಿನ ಕ್ಯಾನು ಮತ್ತು ಸತ್ತ ಜಿರಲೆ: ಆರು ವಾರದ ಲೆಕ್ಕ

ಮೊದಲ ವಾರ
20 ಲೀಟರ್ ನೀರಿನ ಕ್ಯಾನನ್ನು ಎತ್ತಿ ಕವುಚುವಾಗ ಸೊಂಟ ಹಿಡಿದುಕೊಂಡಿತು. ಎರಡು ದಿನ ಚಪ್ಪಲಿ ಮೆಟ್ಟುವುದಕ್ಕೂ ಗೋಡೆಯೇ ಗತಿ. ಫಿಸಿಯೋಥೆರಪಿಸ್ಟ್ "ಹೊಟ್ಟೆ ಬಿಗಿ ಮಾಡಿ" ಎಂದಾಗ, ಫೋಟೊಗೆ ನಿಲ್ಲುವವನಂತೆ ಒಳಗೆಳೆದುಕೊಂಡೆ. ಅವರು ನಕ್ಕು, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಬೆರಳು ಒತ್ತಿಕೊಂಡು ಕೆಮ್ಮಲು ಹೇಳಿದರು. ಕೆಮ್ಮಿದೆ. ಬೆರಳುಗಳನ್ನು ಯಾರೋ ಒಳಗಿನಿಂದ ತಳ್ಳಿದಂತಾಯಿತು. ಬೇಕಾದ ಬಿಗಿ ಅದೇ ಅಂತೆ. ಇಷ್ಟು ವರ್ಷ ನಾನು ಮಾಡಿದ್ದು ಬರೀ ಹೊಟ್ಟೆ ಮರೆಸುವ ಕೆಲಸ.

ಎರಡನೆಯ ವಾರ
ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪ ನಿಘಂಟು ಇಟ್ಟುಕೊಂಡು ಉಸಿರಾಟ. ನಿಘಂಟು ಅಲುಗಲಿಲ್ಲ, ಎದೆ ಮಾತ್ರ ಏರಿಳಿಯಿತು. ಉಸಿರು ಎಳೆದಾಗ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಕೆಳಗಿಳಿಯಬೇಕು. ಅದು ಮುಚ್ಚಳ, ಶ್ರೋಣಿಯ (ಸೊಂಟದ ಮೂಳೆಗಳ ನಡುವಿನ ಭಾಗದ) ಸ್ನಾಯುಗಳು ತಳ, ಸುತ್ತಲೂ ಹೊಟ್ಟೆಯ ಸ್ನಾಯುಗಳ ಪಟ್ಟಿ. ನಡುವೆ ಏರುವ ಒತ್ತಡ ಬೆನ್ನುಮೂಳೆಗೆ ಆಸರೆ. ಐದನೆಯ ದಿನ ನಿಘಂಟು ಎದ್ದಿತು.

ಮೂರನೆಯ ವಾರ
ಜಿಮ್‌ನವರ ಡೆಡ್ ಬಗ್, ನಮ್ಮ ಮನೆಯಲ್ಲಿ ಸತ್ತ ಜಿರಲೆ. ಕೈಕಾಲು ಮೇಲೆತ್ತಿ ಮಲಗಿ, ಉಸಿರು ಬಿಡುತ್ತಾ ಬಲಗೈ ಮತ್ತು ಎಡಗಾಲನ್ನು ನಿಧಾನವಾಗಿ ಕೆಳಗಿಳಿಸುವುದು. ಆಮೇಲೆ ಇನ್ನೊಂದು ಜೊತೆ. ಸೊಂಟ ನೆಲ ಬಿಡಬಾರದು. ಮಗಳು ನನ್ನ ಸೊಂಟದಡಿ ಟವೆಲ್ ತೂರಿಸಿ ಎಳೆಯುತ್ತಾಳೆ. ಸೊಂಟ ಎದ್ದರೆ ಅದು ಸರ್ರನೆ ಅವಳ ಕೈಗೆ. 10 ಸಲದಲ್ಲಿ 6 ಸಲ ಅವಳೇ ಗೆದ್ದಳು.

ನಾಲ್ಕನೆಯ ವಾರ
ಮದುವೆ ಮನೆ, ಹೋಳಿಗೆ. ವ್ಯಾಯಾಮ ಸೊನ್ನೆ.

ಐದನೆಯ ವಾರ
8 ಕಿಲೋ ಡಂಬೆಲ್ ಹಿಡಿದು ಬಸ್ಕಿ. ಇಳಿಯುವಾಗ ಉಸಿರು ಒಳಕ್ಕೆ, ಏಳುವಾಗ ಹೊರಕ್ಕೆ. ಹಳೆಯ ಚಾಳಿಯಂತೆ ಉಸಿರು ಕಟ್ಟಿದೆ. ಮುಖ ಕೆಂಪೇರಿ ತಲೆ ಸುತ್ತಿತು. ಭಾರಿ ತೂಕ ಎತ್ತುವವರು ಬೇಕೆಂದೇ ಹಾಗೆ ಕಟ್ಟುತ್ತಾರೆ. ಅದಕ್ಕೆ ವಾಲ್ಸಾಲ್ವಾ ಎಂಬ ಇಟಲಿಯ ವೈದ್ಯನ ಹೆಸರಿದೆ. ಅವನು 1704ರಲ್ಲಿ ಅದನ್ನು ವಿವರಿಸಿದ್ದು ಮಾತ್ರ ಕಿವಿಯ ಕೀವು ಹೊರಹಾಕುವುದಕ್ಕೆ! ಆದರೆ ಅದು ರಕ್ತದೊತ್ತಡವನ್ನು ಥಟ್ಟನೆ ಏರಿಸುತ್ತದೆ. ನನ್ನದು ಮೊದಲೇ ಗಡಿಯಲ್ಲಿದೆ, ಹಾಗಾಗಿ ಬೇಡ. ಈಗ ಏಳುವಾಗ ಗಟ್ಟಿಯಾಗಿ ಎಣಿಸುತ್ತೇನೆ. ಎಣಿಕೆ ಗಂಟಲಲ್ಲೇ ನಿಂತರೆ ಉಸಿರು ಕಟ್ಟಿದ್ದೇನೆ ಎಂದರ್ಥ.

ಆರನೆಯ ವಾರ
ಮತ್ತೆ ಕ್ಯಾನು. ಮಂಡಿ ಮಡಿಸಿ, ಉಸಿರು ಎಳೆದು, ಸುತ್ತಲೂ ಬಿಗಿದು, "ಒಂದೂ..." ಎನ್ನುತ್ತಾ ಎತ್ತಿದೆ. ಕವುಚುವಾಗ ಅರ್ಧ ಲೀಟರ್ ನೆಲಕ್ಕೆ. ಸೊಂಟ ತುಟಿಪಿಟಕ್ಕೆನ್ನಲಿಲ್ಲ. ಟವೆಲ್ ಪಂದ್ಯದಲ್ಲಿ ಮಗಳಿಗೆ 2, ನನಗೆ 8. ನೆಲ ಒರೆಸಿದ್ದೂ ಅದೇ ಟವೆಲಿನಿಂದ.