ಕೂಗದೆ ಕುಳಿತ ಸೆನ್ಸರ್

ಚಿಲ್ಲರ್, ಅಂದರೆ ನೀರನ್ನು ತಣ್ಣಗಾಗಿಸುವ ದೊಡ್ಡ ಯಂತ್ರ, ನಿಂತಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ರೀಸೆಟ್ ಒತ್ತಿಬಿಟ್ಟಿರಾ?" ಎಂದು. ಬರುವ ಉತ್ತರ ಹೆಚ್ಚಾಗಿ ಹೀಗಿರುತ್ತದೆ: "ಒತ್ತಿದೆವು, ಮೂರು ಸಲ. ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತಿದೆ." ಕೇಳಿದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಯಂತ್ರ ನಿಂತ ಗಳಿಗೆಯಲ್ಲಿ ನೀರು ಎಷ್ಟು ತಣ್ಣಗಿತ್ತು, ಸಕ್ಷನ್ ಒತ್ತಡ (ಕಂಪ್ರೆಸರ್ ಒಳಗೆಳೆದುಕೊಳ್ಳುವ ಗ್ಯಾಸಿನ ಒತ್ತಡ) ಎಷ್ಟಿತ್ತು, ಕಂಪ್ರೆಸರ್ ಎಷ್ಟು ಆಂಪಿಯರ್ ಎಳೆಯುತ್ತಿತ್ತು ಎಂಬುದೆಲ್ಲ ಪರದೆಯ ಮೇಲೆ ಬಿಡಿಸಿಟ್ಟಂತೆ ಇರುತ್ತದೆ. ರೀಸೆಟ್ ಒತ್ತಿ ಓಡಿಸಿದರೆ ಆ ಅಂಕಿಗಳು ಹೋದಂತೆಯೇ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೂ ಸಾಕಿತ್ತು.

ಅಲಾರಂ ಪಟ್ಟಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಪರದೆಯ ತುದಿಯಲ್ಲಿ ಕಾಣುವುದು ಕೊನೆಗೆ ಬಂದ ಅಲಾರಂ. ನನಗೆ ಬೇಕಾದದ್ದು ಮೊದಲನೆಯದು. ವಿದ್ಯುತ್ತು ಒಂದು ಕ್ಷಣ ಕುಸಿಯಿತು ಎಂದುಕೊಳ್ಳಿ. ಪಂಪಿಗೆ ವಿದ್ಯುತ್ತು ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ, ನೀರಿನ ಹರಿವು ನಿಲ್ಲುತ್ತದೆ, ಸಕ್ಷನ್ ಒತ್ತಡ ಇಳಿಯುತ್ತದೆ. ಪಟ್ಟಿಯಲ್ಲಿ ಮೂರು ಅಲಾರಂಗಳು ಒಂದರ ಬೆನ್ನಿಗೆ ಒಂದು ಬಂದು ಕೂರುತ್ತವೆ. ಮೇಲಿನದನ್ನಷ್ಟೇ ನೋಡಿದವರು ತಂಪು ಮಾಡುವ ಗ್ಯಾಸ್ ಕಡಿಮೆಯಾಗಿದೆ ಎಂದು ತೀರ್ಮಾನಿಸಿ ಸಿಲಿಂಡರ್ ತಂದು ನಿಲ್ಲಿಸುತ್ತಾರೆ. ಬೇಡದ ಗ್ಯಾಸ್ ತುಂಬಿ, ಕೆಟ್ಟಿರದ ಯಂತ್ರವನ್ನು ಕೆಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೆಕೆಂಡುಗಳ ಸಮೇತ ಸಮಯ ನೋಡಿ, ಕೆಳಗಿನಿಂದ ಮೇಲಕ್ಕೆ ಓದಬೇಕು.

ಇಷ್ಟಾದ ಮೇಲೂ ಅಲಾರಂ ಎಂಬುದು ಒಂದು ಸಾಕ್ಷಿಯ ಹೇಳಿಕೆ ಮಾತ್ರ. ಯಂತ್ರವನ್ನು ನಿಯಂತ್ರಿಸುವ ಬೋರ್ಡಿಗೆ ಕಣ್ಣಿಲ್ಲ. ತಂತಿಯ ಆಚೆ ತುದಿಯಲ್ಲಿರುವ ಸೆನ್ಸರ್ ಹೇಳಿದ್ದನ್ನೇ ಅದು ನಂಬುತ್ತದೆ. ಈ ಮಾತು ನನಗೆ ಚೆನ್ನಾಗಿ ಮನದಟ್ಟಾದದ್ದು ಒಂದು ರಾತ್ರಿ, ಅಕ್ಕಪಕ್ಕ ನಿಂತ ಎರಡು ಚಿಲ್ಲರ್‌ಗಳ ನಡುವೆ.

ಕರೆ ಬಂದದ್ದು ಮೊದಲನೆಯ ಯಂತ್ರಕ್ಕೆ. ಹೊರಹೋಗುವ ನೀರು ಅತಿ ತಣ್ಣಗಾಗಿದೆ ಎಂಬ ಅಲಾರಂ. ಪರದೆಯಲ್ಲಿ 2.8 ಡಿಗ್ರಿ. ಅಲ್ಲಿ 3 ಡಿಗ್ರಿಗೆ ಯಂತ್ರ ನಿಲ್ಲುವಂತೆ ಇಟ್ಟಿದ್ದರು. ಆದರೆ ಅದೇ ಪೈಪಿನ ಪಾಕೆಟ್‌ನಲ್ಲಿ ನನ್ನ ಥರ್ಮಾಮೀಟರ್ ಇಳಿಸಿದಾಗ ತೋರಿಸಿದ್ದು 7. ಪ್ಲಾಂಟ್ ರೂಮಿನ ಆಪರೇಟರ್ ವಯಸ್ಸಿನಲ್ಲಿ ನನಗಿಂತ ಹಿರಿಯರು, ಯಂತ್ರವನ್ನು ಮನೆಯ ಸದಸ್ಯರಂತೆ ನೋಡಿಕೊಳ್ಳುವವರು. "ಹೋದ ತಿಂಗಳಷ್ಟೇ ಹೊಸ ಸೆನ್ಸರ್ ಹಾಕಿಸಿದ್ದೇವೆ. ಅದೂ ಕೆಟ್ಟಿತೇ?" ಎಂದು ಬೇಸರದಿಂದ ಕೇಳಿದರು. ನಾನು ಉತ್ತರಿಸದೆ ಮಲ್ಟಿಮೀಟರ್ ತೆಗೆದೆ.

ಚಿಲ್ಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಎನ್‌ಟಿಸಿ ಥರ್ಮಿಸ್ಟರ್. ತಣ್ಣಗಾದಷ್ಟೂ ಅದರ ರೋಧ ಏರುತ್ತದೆ. ಅಲ್ಲಿದ್ದದ್ದು 25 ಡಿಗ್ರಿಯಲ್ಲಿ 10 ಕಿಲೋಓಮ್, 0 ಡಿಗ್ರಿಯಲ್ಲಿ ಸುಮಾರು 32.6 ಕಿಲೋಓಮ್ ತೋರುವ ಜಾತಿಯದು. (10 ಕಿಲೋಓಮ್ ಎಂದು ಬರೆದಿರುವ ಸೆನ್ಸರ್‌ಗಳಲ್ಲೂ ಒಂದಕ್ಕಿಂತ ಹೆಚ್ಚು ಬಗೆಗಳಿವೆ. 25 ಡಿಗ್ರಿಯಲ್ಲಿ ಎಲ್ಲವೂ ಒಂದೇ, ಸೊನ್ನೆಯ ಹತ್ತಿರ ಬೇರೆ ಬೇರೆ. ತಯಾರಕರ ಕೋಷ್ಟಕ ಕೈಯಲ್ಲಿಲ್ಲದೆ ಅಳೆಯಲು ಹೋಗಬಾರದು.) ತಂತಿಗಳನ್ನು ಬೋರ್ಡಿನಿಂದ ಬಿಡಿಸಿ ಆ ತುದಿಯಲ್ಲಿ ಅಳೆದರೆ 28.4 ಕಿಲೋಓಮ್. ಸೆನ್ಸರಿನ ಬುಡದಲ್ಲಿ ಅಳೆದರೆ 23. ನೀರು ನಿಜವಾಗಿ 7 ಡಿಗ್ರಿ ಇದ್ದಾಗ ಇರಬೇಕಾದದ್ದು ಅಷ್ಟೇ. ಅಂದರೆ ಸೆನ್ಸರ್ ಸರಿಯಾಗಿಯೇ ಹೇಳುತ್ತಿತ್ತು. ನಡುದಾರಿಯಲ್ಲಿ ಎಲ್ಲೋ 5,400 ಓಮ್ ಸೇರಿಕೊಂಡಿತ್ತು.

ಪೈಪಿನ ಪಕ್ಕದ ಜಂಕ್ಷನ್ ಬಾಕ್ಸ್ ತೆರೆದಾಗ ಕಂಡಿತು: ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ, ತಾಮ್ರದ ಮೇಲೆ ಹಸಿರು ಕಿಲುಬು. ತಣ್ಣನೆಯ ಪೈಪಿನ ಬಳಿ ಗಾಳಿಯ ತೇವ ಸದಾ ನೀರಾಗಿ ಕೂರುತ್ತದೆ, ಅಲ್ಲಿ ಟೇಪಿನ ಆಟ ನಡೆಯುವುದಿಲ್ಲ. ಕಿಲುಬು ಹಿಡಿದ ಭಾಗ ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ ಬಿಸಿ ಮಾಡಿದೆ. ಪರದೆಯಲ್ಲಿ 7.0 ಬಂತು. ಹಳೆಯ ಸೆನ್ಸರ್ ಕೂಡ ಕೆಟ್ಟಿರಲಿಲ್ಲ. ಅವರು ಅದನ್ನು ಎಸೆಯದೆ ಇಟ್ಟಿದ್ದರು, ಅಳೆದು ನೋಡಿದೆವು, ಸರಿಯಾಗಿತ್ತು.

ಇದೇ ಪಿಟಿ 100, ಅಂದರೆ ಪ್ಲಾಟಿನಂ ಜಾತಿಯ ಸೆನ್ಸರ್ ಆಗಿದ್ದರೆ ಕಥೆ ಬೇರೆ. ಅದರ ರೋಧ 0 ಡಿಗ್ರಿಯಲ್ಲಿ 100 ಓಮ್, ಒಂದೊಂದು ಡಿಗ್ರಿಗೆ ಏರುವುದು 0.385 ಓಮ್ ಮಾತ್ರ. ಎರಡೇ ತಂತಿಯಲ್ಲಿ ಜೋಡಿಸಿದ್ದರೆ ಸಡಿಲ ಸ್ಕ್ರೂವಿನ ಒಂದು ಓಮ್ ಸಾಕು, ಎರಡೂವರೆ ಡಿಗ್ರಿ ತಪ್ಪಾಗುತ್ತದೆ. ಅದೂ ಬಿಸಿಯ ಕಡೆಗೆ. ತಂತಿಯ ರೋಧವನ್ನು ಲೆಕ್ಕದಿಂದ ಕಳೆಯಲೆಂದೇ ಅದಕ್ಕೆ ಮೂರನೆಯ ತಂತಿ ಕೊಡುವುದು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಎರಡನೆಯ ಚಿಲ್ಲರ್ ಬಗ್ಗೆ ಯಾರ ದೂರೂ ಇರಲಿಲ್ಲ, ತಿಂಗಳುಗಳಿಂದ ಒಂದು ಅಲಾರಂ ಸಹ ಇಲ್ಲ. ಹೊರಡುವ ಮುನ್ನ ಲಾಗ್ ಪುಸ್ತಕ ತಿರುವುತ್ತಿದ್ದೆ. ಅದರಲ್ಲಿ ಒಂದು ಸಾಲು ಕಣ್ಣಿಗೆ ಚುಚ್ಚಿತು. ಹೊರಹೋಗುವ ನೀರು 7, ಇವಾಪೊರೇಟರ್‌ನಲ್ಲಿ (ಗ್ಯಾಸ್ ಕುದಿದು ನೀರನ್ನು ತಣ್ಣಗಾಗಿಸುವ ಭಾಗ) ಗ್ಯಾಸ್ ಕುದಿಯುವ ತಾಪಮಾನ 2. ಕೆಲವು ತಿಂಗಳ ಹಿಂದಿನ ಪುಟದಲ್ಲಿ ನೀರು 7 ಇದ್ದಾಗ ಅದು 5 ಇತ್ತು. ಈ ಎರಡರ ಅಂತರವನ್ನು ನಾವು ಅಪ್ರೋಚ್ ಎನ್ನುತ್ತೇವೆ. 2 ಇದ್ದದ್ದು 5 ಆಗಿದೆ. "ಟ್ಯೂಬುಗಳಲ್ಲಿ ಕೊಳೆ ಕಟ್ಟಿರಬೇಕು, ತೊಳೆಸಲು ಬರೆದುಕೊಟ್ಟಿದ್ದೇನೆ" ಎಂದರು ಆಪರೇಟರ್. ತಪ್ಪು ಊಹೆಯೇನಲ್ಲ. ಕೊಳೆ ಕಟ್ಟಿದರೂ, ಗ್ಯಾಸ್ ಸೋರಿದರೂ ಅಪ್ರೋಚ್ ಹೀಗೆಯೇ ಏರುತ್ತದೆ. ಆದರೆ ಅದು ಎರಡು ಸೆನ್ಸರ್‌ಗಳ ಮಾತಿನ ನಡುವಿನ ವ್ಯತ್ಯಾಸ. ಒಂದು ಸುಳ್ಳು ಹೇಳಿದರೂ ಅಂತರ ಬದಲಾಗುತ್ತದೆ.

ಸಲಕರಣೆಯೇ ಬೇಡದ ಒಂದು ಪರೀಕ್ಷೆ ಇದೆ. ನನಗೆ ಅತ್ಯಂತ ಪ್ರಿಯವಾದದ್ದು ಅದು. ಕಂಪ್ರೆಸರ್ ನಿಲ್ಲಿಸಿ, ಪಂಪ್ ಮಾತ್ರ ಓಡಲು ಬಿಡಿ. ಇಪ್ಪತ್ತು ನಿಮಿಷ ಕಾಯಿರಿ. ಈಗ ಇವಾಪೊರೇಟರ್ ಬರೀ ಒಂದು ಪೈಪು. ಒಳಬರುವ ನೀರು, ಹೊರಹೋಗುವ ನೀರು ಒಂದೇ. ಎರಡು ಸೆನ್ಸರ್‌ಗಳೂ ಒಂದೇ ಅಂಕಿ ಹೇಳಬೇಕು, ಅರ್ಧ ಡಿಗ್ರಿಯೊಳಗೆ. ಆ ರಾತ್ರಿ ಒಳಬರುವ ಸೆನ್ಸರ್ 11.4 ಎಂದಿತು. ಹೊರಹೋಗುವುದು 13.6. ನಿಂತಿರುವ ಚಿಲ್ಲರ್ ನೀರನ್ನು ಬಿಸಿ ಮಾಡುತ್ತಿದೆ ಎಂದಂತಾಯಿತು.

ಯಾವುದು ತಪ್ಪು ಎಂದು ತಿಳಿಯಲು ಮಂಜುಗಡ್ಡೆ ಬೇಕು. ಗಡ್ಡೆಯನ್ನು ಪುಡಿ ಮಾಡಿ, ಸಂದು ತುಂಬುವಷ್ಟು ಮಾತ್ರ ನೀರು ಹಾಕಿ ಕಲಕಿದರೆ ಆ ಪಾತ್ರೆಯೊಳಗೆ 0 ಡಿಗ್ರಿ. ಇದಕ್ಕಿಂತ ನಂಬಿಕಸ್ಥ ಅಳತೆಗೋಲು ನನ್ನ ಪೆಟ್ಟಿಗೆಯಲ್ಲಿ ಇಲ್ಲ. ಒಳಬರುವ ಸೆನ್ಸರ್ ಅದರಲ್ಲಿ 32.5 ಕಿಲೋಓಮ್ ತೋರಿಸಿತು. ಹೊರಹೋಗುವುದು 27.3. ಸೆನ್ಸರ್ ಕೂರುವ ಪಾಕೆಟ್, ಅಂದರೆ ಥರ್ಮೋವೆಲ್ ಒಳಗೆ ನೀರು ನಿಂತು, ಸೆನ್ಸರಿನ ಕವಚದೊಳಕ್ಕೆ ತೇವ ಇಳಿದಿತ್ತು. ತಂತಿಗಳ ನಡುವೆ ವಿದ್ಯುತ್ತು ಸೋರಲು ಒಂದು ಅಡ್ಡದಾರಿ ಸಿಕ್ಕಿತ್ತು. ಲೆಕ್ಕ ಹಾಕಿದರೆ ಆ ಅಡ್ಡದಾರಿಯ ರೋಧ ಒಂದೂವರೆ ಲಕ್ಷ ಓಮ್‌ಗಿಂತ ಹೆಚ್ಚು, ಸಾಮಾನ್ಯವಾಗಿ ಯಾರೂ ಗಮನಿಸದಷ್ಟು ಸಣ್ಣ ಸೋರಿಕೆ. ಆದರೆ ಒಟ್ಟು ರೋಧ ಇಳಿಯಿತು, ನೀರು ಬಿಸಿಯಾಗಿದೆ ಎಂದು ಬೋರ್ಡ್ ನಂಬಿತು.

ಇದರ ಅರ್ಥವನ್ನು ಅಲ್ಲೇ ಕಾಗದದ ಮೇಲೆ ಬರೆದು ಅವರಿಗೆ ತೋರಿಸಿದೆ. ಪರದೆ 7 ಎನ್ನುವಾಗ ನೀರು ನಿಜಕ್ಕೂ 4ರಲ್ಲಿತ್ತು. ಅಪ್ರೋಚ್ 5 ಆಗಿರಲಿಲ್ಲ, ಹಿಂದಿನಂತೆ 2 ಇತ್ತು, ಟ್ಯೂಬುಗಳು ಸ್ವಚ್ಛವಾಗಿದ್ದವು. ಅದಕ್ಕಿಂತ ಮುಖ್ಯವಾಗಿ, ಪರದೆ 3 ಎಂದು ತೋರಿಸಿ ಯಂತ್ರವನ್ನು ನಿಲ್ಲಿಸುವ ಹೊತ್ತಿಗೆ ನೀರು ಸೊನ್ನೆಯನ್ನು ದಾಟಿ ಕೆಳಗಿಳಿದಿರುತ್ತಿತ್ತು. ನೀರು ಗಡ್ಡೆಯಾಗುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ತಾಮ್ರದ ಟ್ಯೂಬು ಅದನ್ನು ತಾಳದು. ಒಂದು ಟ್ಯೂಬು ಸೀಳಿದರೆ ಕರಗಿದ ನೀರು ಗ್ಯಾಸಿನ ದಾರಿ ಹಿಡಿದು ಕಂಪ್ರೆಸರ್ ತನಕ ಹೋಗುತ್ತದೆ. ಎಣ್ಣೆ, ಮೋಟಾರಿನ ಸುರುಳಿ, ವಾಲ್ವ್ ಎಲ್ಲವೂ ಹಾಳು. ಸಕ್ಷನ್ ಒತ್ತಡದ ರಕ್ಷಣೆ ಬೇರೆಯಾಗಿ ಇದೆ, ನಿಜ. ಆದರೆ ಎರಡು ಕಾವಲಿರಬೇಕಾದ ಕಡೆ ತಿಂಗಳುಗಟ್ಟಲೆ ಒಂದೇ ಕಾವಲಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆ ಹಿರಿಯರು ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದರು.

ಸೆನ್ಸರ್ ಪೂರ್ತಿ ಕಡಿದುಹೋದರೆ ಬೋರ್ಡಿಗೇ ತಿಳಿಯುತ್ತದೆ. ಅಂಕಿ ಇರಬೇಕಾದ ಮಿತಿಯಾಚೆಗೆ ಹಾರುತ್ತದೆ, ಸೆನ್ಸರ್ ದೋಷ ಎಂದು ಅದೇ ಹೇಳುತ್ತದೆ. ಕಿಲುಬು ಹಿಡಿದ ಜೋಡಣೆ ತಣ್ಣಗೆಂದು ಸುಳ್ಳು ಹೇಳಿ ಯಂತ್ರವನ್ನು ನಿಲ್ಲಿಸುತ್ತದೆ, ಜನ ಬೈಯುತ್ತಾರೆ, ಯಾರೋ ಬಂದು ನೋಡುತ್ತಾರೆ. ತೇವ ಕುಡಿದದ್ದು ಬಿಸಿಯೆಂದು ಸುಳ್ಳು ಹೇಳುತ್ತದೆ, ಯಾರನ್ನೂ ಕರೆಯುವುದಿಲ್ಲ. ನನಗೆ ಭಯ ಈ ಮೂರನೆಯದರದ್ದು. ಥರ್ಮೋವೆಲ್‌ನಿಂದ ಜಾರಿ ಹೊರಗೆ ನೇತಾಡುವ ಸೆನ್ಸರ್ ಕೂಡ ಇದೇ ಗುಂಪಿಗೆ ಸೇರಿದ್ದು, ಕೋಣೆಯ ಗಾಳಿಯನ್ನು ಅಳೆದು ಇನ್ನೂ ತಣ್ಣಗೆ ಮಾಡು ಎನ್ನುತ್ತಲೇ ಇರುತ್ತದೆ.

ಒತ್ತಡದ ಸೆನ್ಸರ್‌ಗೂ ಇಂಥದೇ ಸುಲಭ ಪರೀಕ್ಷೆ ಉಂಟು. ಯಂತ್ರ ರಾತ್ರಿಯಿಡೀ ನಿಂತು ಎಲ್ಲವೂ ಕೋಣೆಯ ತಾಪಮಾನಕ್ಕೆ ಬಂದ ಮೇಲೆ ಒಳಗಿನ ಒತ್ತಡ ಆ ತಾಪಮಾನಕ್ಕೆ ಹೊಂದಿಕೊಂಡಿರಬೇಕು. ಒಳಗಿರುವುದು ಆರ್-134ಎ ಎಂಬ ಗ್ಯಾಸ್ ಆದರೆ 25 ಡಿಗ್ರಿಯಲ್ಲಿ ಗೇಜಿನ ಮೇಲೆ ಸುಮಾರು 5.6 ಬಾರ್. ಸಕ್ಷನ್, ಡಿಸ್ಚಾರ್ಜ್ (ಕಂಪ್ರೆಸರ್ ಹೊರಗೆ ತಳ್ಳುವ ಕಡೆ) ಎರಡೂ ಅಲ್ಲೇ ಇದ್ದರೆ ನೆಮ್ಮದಿ. ಸರಿಯಾಗಿ ಒಂದು ಬಾರ್ ವ್ಯತ್ಯಾಸ ಕಂಡರೆ ಗೇಜ್ ಒತ್ತಡದ ಸೆನ್ಸರ್ ಜಾಗದಲ್ಲಿ ನಿರಪೇಕ್ಷ ಒತ್ತಡದ್ದನ್ನು (ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ತೋರಿಸುವಂಥದ್ದು) ಹಾಕಿದ್ದಾರೋ ನೋಡಬೇಕು. ಕಂಪ್ರೆಸರ್ ಹೊರಟಾಗ ಮಾತ್ರ ಅಂಕಿಗಳು ಕುಣಿಯುತ್ತಿದ್ದರೆ ಸೆನ್ಸರನ್ನು ಬಿಟ್ಟು ಕೇಬಲ್ ಹಿಡಿದು ಹೋಗಿ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವಿನ ಪವರ್ ಕೇಬಲ್ಲಿನ ಜೊತೆಗೇ ಅದನ್ನು ಕಟ್ಟಿರುತ್ತಾರೆ, ಇಲ್ಲವೇ ಕೇಬಲ್ಲಿನ ಲೋಹದ ಹೊದಿಕೆಯಾದ ಶೀಲ್ಡನ್ನು ಎರಡೂ ತುದಿಗೆ ಅರ್ಥ್ ಮಾಡಿರುತ್ತಾರೆ.

ನೀರು ಹರಿಯುತ್ತಿದೆಯೇ ಎಂದು ನೋಡುವ ಫ್ಲೋ ಸ್ವಿಚ್ ವಿಷಯ ಬಂದಾಗ ಮಾತ್ರ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಪದೇ ಪದೇ ಹರಿವಿಲ್ಲ ಎಂಬ ಅಲಾರಂ ಬರುತ್ತಿದೆ ಎಂದು ಎರಡು ಟರ್ಮಿನಲ್ ನಡುವೆ ಒಂದು ತುಂಡು ತಂತಿ ಸಿಕ್ಕಿಸಿ ಹೋದವರನ್ನು ನೋಡಿದ್ದೇನೆ. ಆ ತಂತಿ ತೆಗೆದು, ಪೈಪಿನಲ್ಲಿ ಕಸ ಹಿಡಿಯುವ ಸ್ಟ್ರೈನರ್ ಬಿಚ್ಚಿದಾಗ ಒಳಗೆ ಬೆಸುಗೆಯ ಚೂರು, ತುಕ್ಕು, ಸೆಣಬಿನ ಎಳೆಗಳ ಮುದ್ದೆ. ಸ್ವಿಚ್ ನಿಜವನ್ನೇ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದ್ದರು. ಸ್ಟ್ರೈನರ್ ಸ್ವಚ್ಛವಿದ್ದರೆ ಪೈಪಿನ ಎತ್ತರದ ತುದಿಯಲ್ಲಿ ಗಾಳಿ ಸಿಕ್ಕಿದೆಯೇ ನೋಡಿ. ಅದೂ ಇಲ್ಲದಿದ್ದರೆ ಸ್ವಿಚ್ಚಿನ ಜಾಗ ನೋಡಿ. ಅದರ ಹಿಂದೆ ಮುಂದೆ ಪೈಪಿನ ವ್ಯಾಸದ ಐದರಷ್ಟಾದರೂ ನೇರ ಉದ್ದ ಬೇಕು. ಬಾಗಿನ ಪಕ್ಕದಲ್ಲೇ ಕೂರಿಸಿದರೆ ಸುಳಿಯಲ್ಲಿ ಅದರ ಎಲೆ ಅಲುಗಾಡುತ್ತಲೇ ಇರುತ್ತದೆ.

ಆ ಎರಡನೆಯ ಚಿಲ್ಲರ್‌ಗೆ ಹೊಸ ಸೆನ್ಸರ್ ಹಾಕಿ, ಥರ್ಮೋವೆಲ್ ಒರೆಸಿ, ಶಾಖ ದಾಟಿಸುವ ಪೇಸ್ಟ್ ತುಂಬಿ, ಕೇಬಲ್ ಒಳಹೋಗುವ ಬಾಯಿಯನ್ನು ಕೆಳಮುಖ ಮಾಡಿ ಮುಚ್ಚಿದೆ. ಟ್ಯೂಬು ತೊಳೆಸುವ ಚೀಟಿಯನ್ನು ಆಪರೇಟರ್ ವಾಪಸ್ ಪಡೆದರು. ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ಈಗ ಅವರೇ ಅಂಟಿಸಿದ ಒಂದು ಹಾಳೆ ಇದೆ. ತಿಂಗಳಿಗೊಮ್ಮೆ ಕಂಪ್ರೆಸರ್ ಹೊರಡಿಸುವ ಮುನ್ನ ಇಪ್ಪತ್ತು ನಿಮಿಷ ಪಂಪ್ ಮಾತ್ರ ಓಡಿಸಿ, ಎರಡು ಅಂಕಿ ಬರೆಯುತ್ತಾರೆ. ಕಳೆದ ಸಲ ಹೋದಾಗ ಕೊನೆಯ ಸಾಲು ಓದಿದೆ: ಒಳಕ್ಕೆ 12.1, ಹೊರಕ್ಕೆ 12.0.